ಮಾವಶಿ ಕಾಂಗೋಕ್ಕೆ ಹೋಗಿದ್ದಳು

ನನ್ನ ಮಾವಶಿ, ಅಂದರೆ ಅವ್ವನ ತಂಗಿ, ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಅಧಿಕಾರಿ ದರ್ಜೆಯವಳು. ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಬದ್ಲಿ ಆದಾಗೆಲ್ಲಾ ಗಂಟು ಕಟ್ಟೂದ ಸಾಕಾಗ್ತಿತ್ತು, ಅದರಾಗ ಗಂಡನ್ನೂ ಎಲ್ಲಿ ಕಟಗೊಂಡು ಹೋಗ್ಲಿ?" ಎಂದು ಅವರನ್ನು ನಗಿಸಿ ಮಾತು ಮುಗಿಸುತ್ತಿದ್ದಳು.

ನಮ್ಮ ಮನೆತನ ಗದಗ ಕಡೆಯದು. ಅಜ್ಜ ಗುಮಾಸ್ತರಾಗಿ ಪುಣೆಗೆ ಬಂದವರು ಇಲ್ಲೇ ಉಳಿದರು. ಮಾವಶಿಯೂ ನಿವೃತ್ತಿಯ ನಂತರ ಇಲ್ಲಿಗೇ ಬಂದು ನದಿಯ ಹತ್ತಿರ ನೆಲಮಹಡಿಯ ಒಂದು ಮನೆ ಹಿಡಿದಿದ್ದಳು. ಒಂದು ಮಳೆಗಾಲ ನೀರು ಒಳಗೆ ನುಗ್ಗಿ ಅವಳ ಹಾಸಿಗೆ, ಟ್ರಂಕು, ಅದರೊಳಗಿನ ಕಾಗದ, ಫೋಟೋ ಎಲ್ಲ ಕೆಸರಾದವು. "ನೀರು ಇಳಿಯೂ ತನಕಾ ಇರ್ತೀನಿ" ಎಂದು ಸದಾಶಿವ ಪೇಠದ ನಮ್ಮ ಮನೆಗೆ ಬಂದಳು. ನೀರು ಇಳಿಯಿತು. ನಾನೂ ನನ್ನ ಗಂಡನೂ ಅವಳನ್ನು ತಿರುಗಿ ಹೋಗಲು ಬಿಡಲಿಲ್ಲ.

ಅವಳು ಬಂದ ಮೇಲೆ ನಮ್ಮ ಮನೆಯ ಹಾಸಿಗೆಗಳು ಆಸ್ಪತ್ರೆಯ ಹಾಸಿಗೆಗಳಾದವು. ಚಾದರದ ಮೂಲೆಗಳನ್ನು ಹೇಗೆ ಮಡಿಚಿ ಒಳಗೆ ಸೇರಿಸಬೇಕು ಎಂದು ನನ್ನ ಗಂಡನಿಗೆ ಕಲಿಸಿದಳು. ಅವರು ಈಗಲೂ ಹಾಗೇ ಮಾಡುತ್ತಾರೆ. ಕೆಳಗಿನ ಮಹಡಿಯಲ್ಲಿ ನಾನು ಗಣಿತದ ಕೋಚಿಂಗ್ ಕ್ಲಾಸು ನಡೆಸುತ್ತೇನೆ. ಅಲ್ಲಿ ಯಾರಿಗಾದರೂ ತಲೆನೋವು, ಹೊಟ್ಟೆನೋವು ಎಂದರೆ ಮೇಲೆ ಕಳಿಸುವುದು. ಮಾವಶಿ ನಾಲಿಗೆ ನೋಡಿ, ನಾಡಿ ಹಿಡಿದು, ಪರೀಕ್ಷೆಯ ಭಯ ಯಾವುದು, ಜ್ವರ ಯಾವುದು ಎಂದು ಬೇರೆ ಮಾಡಿ ಕಳಿಸುತ್ತಿದ್ದಳು. ಭಯದವರಿಗೆ ಲಿಂಬು ಶರಬತ್ತು. ಎಲ್ಲರಿಗೂ ಬೈಗುಳ.

ಕೆಸರಿನಿಂದ ಉಳಿದದ್ದು ಅವಳ ಪದಕಗಳಿದ್ದ ಬಿಸ್ಕತ್ತಿನ ಡಬ್ಬಿ ಒಂದೇ. ಅವುಗಳಲ್ಲಿ ಒಂದು ಪದಕ ಕಾಂಗೋ ದೇಶದಲ್ಲಿ ಸಿಕ್ಕದ್ದು. ಇಪ್ಪತ್ತು ವರ್ಷದ ಕೆಳಗೆ ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಜೊತೆ ನಮ್ಮ ಸೈನ್ಯದ ಒಂದು ಆಸ್ಪತ್ರೆಯೂ ಹೋಗಿತ್ತು. ಅದರಲ್ಲಿ ಮಾವಶಿ ಒಂದು ವರ್ಷ ಕೆಲಸ ಮಾಡಿದ್ದಳು. ಪದಕವನ್ನು ಅಲ್ಲೇ, ಮೈದಾನದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಾವುದೋ ದೇಶದ ಎತ್ತರದ ಸೇನಾಧಿಕಾರಿಯೊಬ್ಬರು ತೊಡಿಸಿದ್ದರಂತೆ. ಕಾಂಗೋದ ಬಗ್ಗೆ ಅವಳು ನಮಗೆ ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ. ಹೇಗಿತ್ತು ಎಂದು ಕೇಳಿದರೆ, "ಎಲ್ಲಾ ಕಡೆ ಕರೀ ಕಲ್ಲು. ಜ್ವಾಲಾಮುಖಿ ಅದ ಅಲ್ಲೆ" ಎಂದು ಬೇರೆ ಮಾತಿಗೆ ಹೊರಳುತ್ತಿದ್ದಳು.

ನಮ್ಮ ಭಾಗದ ಮಾಜಿ ಸೈನಿಕರು ಸೇರಿ, ಹೊರದೇಶಗಳಲ್ಲಿ ಶಾಂತಿ ಪಡೆಯಲ್ಲಿ ಕೆಲಸ ಮಾಡಿದವರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ ಎಂದು ನನ್ನ ವಿದ್ಯಾರ್ಥಿಯೊಬ್ಬನ ತಂದೆ ಹೇಳಿದರು. ಮಾವಶಿಯ ಹೆಸರು ಕೊಟ್ಟವಳು ನಾನೇ. ಅವಳು ಮೊದಲು ಬೇಡವೆಂದಳು. ಆಮೇಲೆ ಯಾವ ಸೀರೆ ಉಡಬೇಕೆಂದು ಕೇಳಿದಳು. ಬೂದು ಬಣ್ಣದ ರೇಷ್ಮೆ ಉಟ್ಟು, ಅದರ ಮೇಲೆ ಕರಿಯ ಕೋಟು ತೊಟ್ಟು, ಎದೆಯ ಎಡಗಡೆ ಪದಕಗಳನ್ನು ಸಾಲಾಗಿ ಸಿಕ್ಕಿಸಿಕೊಂಡು ರಿಕ್ಷಾದಲ್ಲಿ ಕೂತಳು. ರಿಕ್ಷಾ ಹೊಂಡದಲ್ಲಿ ಇಳಿದಾಗೆಲ್ಲ ಪದಕಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅವಳು ಅವುಗಳ ಮೇಲೆ ಕೈಯಿಟ್ಟುಕೊಂಡು, "ಸುಮ್ಮ ಕೂಡ್ರಿ" ಎಂದಳು.

ಸಭಾಂಗಣದ ಬಾಗಿಲಲ್ಲಿ ಒಬ್ಬ ಸಂಘಟಕರು ಬಂದವರನ್ನೆಲ್ಲ ಕೈಮುಗಿದು ಒಳಗೆ ಕರೆಯುತ್ತಿದ್ದರು. ಮಾವಶಿಯನ್ನು ನೋಡಿ ಬಹಳ ಗೌರವದಿಂದ, ದನಿ ತಗ್ಗಿಸಿ, ಮರಾಠಿಯಲ್ಲಿ ಹೇಳಿದರು: "ತಾಈ, ಗಂಡನ ಪದಕಗಳನ್ನು ಹೆಂಡತಿ ಬಲಗಡೆ ಹಾಕಿಕೊಳ್ಳುವುದು ರೂಢಿ. ಎಡಗಡೆ ಸ್ವಂತದ್ದು ಮಾತ್ರ."

"ಹೌದಲ್ಲ," ಎಂದಳು ಮಾವಶಿ, ಮರಾಠಿಯಲ್ಲೇ. "ಅದಕ್ಕೇ ಎಡಗಡೆ ಹಾಕಿಕೊಂಡಿದ್ದೇನೆ."

ಆ ಮನುಷ್ಯ ನಾಚಿಕೊಂಡು ಎರಡೆರಡು ಸಲ ಕ್ಷಮೆ ಕೇಳಿದರು. ಅವರ ಕೈಯಲ್ಲಿ ಸನ್ಮಾನಿತರ ಪಟ್ಟಿ ಇತ್ತು. ಅದರಲ್ಲಿ ಮಾವಶಿಯ ಹೆಸರು ಹುಡುಕಿದರು, ಹಾಳೆ ತಿರುವಿದರು, ಇನ್ನೊಬ್ಬರನ್ನು ಕರೆದರು. ಇಬ್ಬರೂ ಮೂಲೆಗೆ ಹೋಗಿ ಮಾತಾಡಿದರು. ತಿರುಗಿ ಬಂದಾಗ ಅವರ ಮುಖ ನನ್ನದಕ್ಕಿಂತ ಹೆಚ್ಚು ಬಾಡಿತ್ತು. ತಮಗೆ ಬಂದ ಹೆಸರುಗಳನ್ನೆಲ್ಲ ಸೈನ್ಯದ ದಾಖಲೆ ಕಚೇರಿಗೆ ಕಳಿಸಿ ಖಚಿತ ಮಾಡಿಕೊಂಡಿದ್ದರಂತೆ. ಮಾವಶಿ ಸೇವೆಯಲ್ಲಿದ್ದದ್ದು ನಿಜ, ಆದರೆ ಹೊರದೇಶಕ್ಕೆ ಹೋದ ದಾಖಲೆ ಇಲ್ಲ ಎಂದು ಅಲ್ಲಿಂದ ಉತ್ತರ ಬಂದಿತ್ತು.

"ಏನೋ ತಪ್ಪಾಗಿರಬೇಕು ತಾಈ. ಆದರೆ ವೇದಿಕೆಯ ಮೇಲೆ ಕರೆಯಲು..." ಎಂದು ಅವರು ಅರ್ಧಕ್ಕೇ ನಿಲ್ಲಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಏನೋ ಹೇಳಲು ಬಾಯಿ ತೆರೆದೆ. ಮಾವಶಿ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು. "ನಾವು ಮನೆಯವರ ಸಾಲಿನಲ್ಲಿ ಕೂಡುತ್ತೇವೆ, ನಡೆಯುತ್ತದಲ್ಲ?" ಎಂದು ಅವರನ್ನೇ ಸಮಾಧಾನ ಮಾಡಿದಳು. ಹಿಂದಿನ ಸಾಲಿನಲ್ಲಿ ಕೂತು, ಮೇಲೆ ಹೋದ ಪ್ರತಿಯೊಬ್ಬರಿಗೂ ಚಪ್ಪಾಳೆ ಹೊಡೆದಳು. ಪದಕ ತೆಗೆಯಲಿಲ್ಲ. ಊಟಕ್ಕೆ ನಿಂತಳು. ಮನೆಗೆ ಬರುವಾಗ ದಾರಿಯಲ್ಲಿ ಆಡಿದ್ದು ಒಂದೇ ಮಾತು: "ಜಿಲೇಬಿ ಭಾಳ ಛಲೋ ಮಾಡಿದ್ರು."

ಮರುದಿನ ನಾನು ದಾಖಲೆ ಕಚೇರಿಗೆ ಅರ್ಜಿ ಬರೆಯುತ್ತೇನೆ ಎಂದೆ.

"ಹೋಗ್ಲಿ ಬಿಡು. ಪೆನ್ಶನ್ ಬರ್ತದ, ಮೈ ಗಟ್ಟಿ ಅದ. ಆ ಕಾಗದಾ ತಗೊಂಡು ಏನ್ ಮಾಡ್ಲಿ?"

"ನಿನಗ ಬ್ಯಾಡಾದ್ರ ನನಗ ಬೇಕು," ಎಂದೆ.

ನನ್ನನ್ನು ಸುಮ್ಮನಾಗಿಸಲಿಕ್ಕೆ ಅವಳು ಸಹಿ ಹಾಕಿದಳು, ಅಷ್ಟೇ. ತಿಂಗಳುಗಳು ಕಳೆದವು. ಉತ್ತರ ಬಂದ ದಿನ ನಾನು ಅದನ್ನು ಅಡುಗೆಮನೆಯಲ್ಲಿ ನಿಂತು ಅವಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪರಿಶೀಲನೆ ಮಾಡಲಾಗಿದೆ, ತಾವು ಹೇಳುವ ಅವಧಿಯಲ್ಲಿ ತಾವು ಪುಣೆಯ ಆಸ್ಪತ್ರೆಯಲ್ಲೇ ಕೆಲಸದ ಮೇಲಿದ್ದಿರಿ, ಆದ್ದರಿಂದ ದಾಖಲೆ ತಿದ್ದಲು ಕಾರಣ ಕಾಣುವುದಿಲ್ಲ.

ಅವಳು ಮೆಂತ್ಯೆಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕೈ ನಿಂತಿತು.

"ಪುಣೇದಾಗ ಇದ್ದೆ ಅಂತ ಬರದಾರ?"

"ಹೂಂ."

"ಹೋದದ್ದು ಬರದಿಲ್ಲ ಅಂದ್ರ ಬ್ಯಾರೆ. ಇಲ್ಲೇ ಇದ್ದೆ ಅಂತಾರಲ್ಲ," ಎಂದಳು. ಆಮೇಲೆ ನಾನು ಅಲ್ಲಿಯವರೆಗೆ ಕೇಳಿರದ ಒಂದು ಸಂಗತಿಯನ್ನು ಹೇಳಿದಳು.

ಅಲ್ಲಿಯ ಅವಳ ವಾರ್ಡಿಗೆ ಬೀದರ ಕಡೆಯ ಒಬ್ಬ ಸಿಪಾಯಿಯನ್ನು ತಂದಿದ್ದರಂತೆ. ಮಲೇರಿಯಾ ಮಿದುಳಿಗೆ ಏರಿತ್ತು. ಹಿಂದಿ ಬರುತ್ತಿದ್ದ ಹುಡುಗ ಜ್ವರದಲ್ಲಿ ಹಿಂದಿಯನ್ನೆಲ್ಲ ಮರೆತು ಬರೀ ಕನ್ನಡ ಮಾತಾಡತೊಡಗಿದ. ಡಾಕ್ಟರರಿಗೆ ತಿಳಿಯದು, ಉಳಿದ ನರ್ಸುಗಳಿಗೂ ತಿಳಿಯದು. ಮಾವಶಿ ಅವನ ಪಕ್ಕದಲ್ಲಿ ಕೂತು ಉತ್ತರ ಕೊಟ್ಟಳು. ಅವನು ಅವಳನ್ನು ಒಮ್ಮೆ ಅಕ್ಕ ಎಂದ, ಒಮ್ಮೆ ಅವ್ವ ಎಂದ. ಎಮ್ಮೆಗೆ ಮೇವು ಹಾಕಿದ್ದೀಯಾ ಎಂದು ಕೇಳಿದ. ಹಾಕಿದ್ದೇನೆ ಎಂದಳು. ಬಾಗಿಲು ಮುಂದೆ ಮಾಡು, ಕರು ಹೊರಗೆ ಹೋಗುತ್ತದೆ ಎಂದ. ಮಾಡಿದ್ದೇನೆ ಎಂದಳು. ಬೆಳಗಾಗುವ ಮೊದಲೇ ಹೋಗಿಬಿಟ್ಟ. ತಿರುಗಿ ಬಂದ ಮೇಲೆ ಅವಳು ರಜೆ ಹಾಕಿ ಅವನ ಊರಿಗೆ ಹೋಗಿ, ಅವನ ತಾಯಿಗೆ ಈ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿ ಬಂದಿದ್ದಳು.

"ಆಕಿ ನನ್ನ ಕೈ ಹಿಡಕೊಂಡು, ಅವ ಒಬ್ಬಾಂವನ ಇರಲಿಲ್ಲಲ್ಲ, ಮಾತಾಡೋರು ಇದ್ರಲ್ಲ, ಅಷ್ಟ ಸಾಕು ಅಂದಳು," ಎಂದಳು ಮಾವಶಿ. "ಈಗ ನಾ ಪುಣೇದಾಗ ಇದ್ದೆ ಅಂತ ಬರದ್ರ, ಅವ ಯಾರ ಕೂಡ ಮಾತಾಡಿದಾ? ಆ ತಾಯಿಗೆ ನಾ ಸುಳ್ಳು ಹೇಳಿ ಬಂದಂಗ ಆತಿಲ್ಲೋ?"

ಸೊಪ್ಪಿನ ಬುಟ್ಟಿ ಬದಿಗಿಟ್ಟು ಎದ್ದಳು. "ಎಲ್ಲಿ ಅದ ಆ ಆಫೀಸು? ನಡಿ, ಹೋಗೂಣು."

ಆ ಕಚೇರಿಯಲ್ಲಿ ನಮಗೆ ಸಿಕ್ಕ ಸುಬೇದಾರರು ತಾಳ್ಮೆಯ ಮನುಷ್ಯ. ಮಾವಶಿ ಅಧಿಕಾರಿ ಆಗಿದ್ದವಳು ಎಂದು ತಿಳಿದೊಡನೆ ಎದ್ದು ನಿಂತರು. ಅವಳು ಕೂತ ಮೇಲೆಯೇ ಕೂತರು. ಕಂಪ್ಯೂಟರಿನಲ್ಲಿ ಒಂದಷ್ಟು ಹೊತ್ತು ಹುಡುಕಿ, ಆಮೇಲೆ ಯಾರಿಗೋ ಫೋನು ಮಾಡಿ, ಹಿಂದಿಯಲ್ಲಿ ಹೇಳಿದರು: "ಮ್ಯಾಡಮ್, ಆ ಆಸ್ಪತ್ರೆಗೆ ಪುಣೆಯಿಂದ ಒಬ್ಬ ನರ್ಸ್ ಹೋದದ್ದು ದಾಖಲೆಯಲ್ಲಿದೆ. ಆದರೆ ಹೆಸರು ನಿಮ್ಮದಲ್ಲ." ಪರದೆ ನೋಡಿ ಇನ್ನೊಂದು ಹೆಸರು ಓದಿದರು.

ಮಾವಶಿ ಹಣೆ ಬಡಿದುಕೊಂಡು ಜೋರಾಗಿ ನಕ್ಕಳು. ಆ ಕೋಣೆಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. "ಅಯ್ಯ, ಇಕೀನs ಹೋಗಬೇಕಾಗಿತ್ತು!"

ಹೆಸರಿನ ಒಡತಿ ಅವಳ ಗೆಳತಿ. ಉಡುಪಿ ಕಡೆಯವಳು, ಮಾವಶಿಗಿಂತ ಸಣ್ಣವಳು, ಇಬ್ಬರೂ ಪುಣೆಯ ಆಸ್ಪತ್ರೆಯಲ್ಲಿ ಒಂದೇ ವಾರ್ಡಿನಲ್ಲಿ ಕೆಲಸ ಮಾಡಿದವರು. ಕಾಂಗೋಕ್ಕೆ ಹೋಗಲು ಆದೇಶ ಬಂದದ್ದು ಅವಳಿಗೆ. ಚುಚ್ಚುಮದ್ದು ಆಗಿ, ಪೆಟ್ಟಿಗೆ ಕಟ್ಟಿ, ಇನ್ನೇನು ಹೊರಡಬೇಕು ಎನ್ನುವಾಗ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವಳಿಗೆ ತಾನು ಬಸುರಿ ಎಂದು ತಿಳಿಯಿತು. ವಿಮಾನ ಹತ್ತುವಂತಿಲ್ಲ. "ನಾ ಹೋಗ್ತೀನಿ, ನನಗೇನು ಮನಿ ಕಾಯೋದದ?" ಎಂದು ಮಾವಶಿ ಮುಂದೆ ಬಂದಳು. ಎಲ್ಲವೂ ಅವಸರದಲ್ಲಿ ಬಾಯಿಮಾತಿನಲ್ಲೇ ಆಯಿತು. ಹೆಸರು ಬದಲಾದ ಆದೇಶ ಎಲ್ಲೋ ನಡುದಾರಿಯಲ್ಲೇ ನಿಂತುಬಿಟ್ಟಿತ್ತು.

ಇದನ್ನು ಸರಿಪಡಿಸಬೇಕಾದರೆ ಎರಡು ಬೇಕು ಎಂದರು ಸುಬೇದಾರರು. ಅಲ್ಲಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾಕ್ಟರರು ಮಾವಶಿ ಅಲ್ಲಿದ್ದಳು ಎಂದು ಬರೆದುಕೊಡಬೇಕು. ಮತ್ತು ಆ ಗೆಳತಿ, ತಾನು ಹೋಗಲಿಲ್ಲ ಎಂದು ಬರೆದುಕೊಡಬೇಕು. "ಮೊದಲನೆಯದು ಸುಲಭ ಮ್ಯಾಡಮ್. ಎರಡನೆಯದು, ಅವರ ದಾಖಲೆಯಿಂದ ಒಂದು ಸೇವೆ ತೆಗೆದು ನಿಮಗೆ ಕೊಡುವುದು. ಒಪ್ಪುತ್ತಾರೋ ಇಲ್ಲವೋ ನೋಡಿ."

ಸುಲಭ ಎಂದದ್ದು ಅಷ್ಟೇನೂ ಸುಲಭವಾಗಿರಲಿಲ್ಲ. ಆ ಡಾಕ್ಟರರು ನಿವೃತ್ತರಾಗಿ ಪುಣೆಯಲ್ಲೇ ಇದ್ದರು, ಆದರೆ ವಯಸ್ಸು ಎಂಬತ್ತರ ಹತ್ತಿರ ಬಂದಿತ್ತು. ನಮ್ಮನ್ನು ಒಳ್ಳೆಯ ಮಾತಾಡಿ ಕೂರಿಸಿದರು. ಮಾವಶಿಯ ಮುಖವನ್ನು ಬಹಳ ಹೊತ್ತು ನೋಡಿದರು.

"ಕ್ಷಮಿಸಬೇಕು. ಎಷ್ಟೋ ಆಸ್ಪತ್ರೆ, ಎಷ್ಟೋ ಜನ ಸಿಸ್ಟರುಗಳು. ನೆನಪಿಲ್ಲದೆ ನಾನು ಸಹಿ ಮಾಡುವುದು ಸರಿಯಲ್ಲ," ಎಂದರು.

ಮಾವಶಿ ಅವರ ಮಾತು ಕೇಳಿದಳೋ ಇಲ್ಲವೋ. ಅವಳು ನೋಡುತ್ತಿದ್ದದ್ದು ಅವರ ಪಾದಗಳನ್ನು.

"ಸರ್, ಕಾಲು ಬಾತಿವೆ," ಎಂದಳು. "ಯಾವಾಗಿನಿಂದ? ಉಪ್ಪು ಬಿಟ್ಟಿದ್ದೀರೋ ಇಲ್ಲವೋ? ಕಾಲು ಮೇಲಿಟ್ಟು ಕೂತುಕೊಳ್ಳದೆ ಹೀಗೆ ಕೆಳಗೆ ಬಿಟ್ಟುಕೊಂಡು ಕೂಡುತ್ತಾರೇನು?" ಎದ್ದು ಹೋಗಿ ಒಂದು ಸಣ್ಣ ಸ್ಟೂಲು ಎಳೆದು ತಂದು ಅವರ ಕಾಲುಗಳನ್ನು ತಾನೇ ಎತ್ತಿ ಅದರ ಮೇಲಿಟ್ಟಳು.

ಮುದುಕರು ಆ ದನಿಗೆ ತಲೆ ಎತ್ತಿದರು. ಮುಖ ಅರಳಿತು. "ಬೂಟು!" ಎಂದರು. "ನೀವೇ ಅಲ್ಲವೇ ನನ್ನ ಬೂಟು ಬಿಡಿಸಿದ್ದು?"

ಕರಿಯ ಕಲ್ಲಿನ ಪುಡಿ ಮೆತ್ತಿದ ಬೂಟು ಹಾಕಿಕೊಂಡು ಒಂದು ದಿನ ಅವರು ಶಸ್ತ್ರಚಿಕಿತ್ಸೆಯ ವಾರ್ಡಿಗೆ ನುಗ್ಗಿದ್ದರಂತೆ. ಅವರ ಜೊತೆ ಬೇರೆ ಬೇರೆ ದೇಶದ ದೊಡ್ಡ ಅಧಿಕಾರಿಗಳು. ಮಾವಶಿ ಬಾಗಿಲಲ್ಲಿ ಅಡ್ಡ ನಿಂತು, ಮುಖ್ಯಸ್ಥರೆಂದೂ ನೋಡದೆ, ಎಲ್ಲರೂ ಬೂಟು ಬಿಟ್ಟೇ ಒಳಗೆ ಬರಬೇಕು ಎಂದಿದ್ದಳು. "ನನ್ನ ಕಾಲುಚೀಲದಲ್ಲಿ ಹೆಬ್ಬೆರಳು ಕಾಣುವಷ್ಟು ತೂತಿತ್ತು," ಎಂದು ಡಾಕ್ಟರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಂದೊಂದೇ ನೆನಪಾಗುತ್ತ ಹೋಯಿತು. ಆ ಬೀದರಿನ ಹುಡುಗನೂ ನೆನಪಾದ. ಅವರು ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿದರು. ಅಕ್ಷರ ಸ್ಪಷ್ಟವಾಗಿತ್ತು.

ಗೆಳತಿಯ ಮನೆ ಪತ್ತೆ ಮಾಡುವುದು ಕಷ್ಟವಾಗಲಿಲ್ಲ. ಗಂಡನ ಮನೆಯವರದು ಲೋಣಾವಳಾದಲ್ಲಿ ಹೋಟೆಲು ಎನ್ನುವುದಷ್ಟೇ ಮಾವಶಿಗೆ ಗೊತ್ತಿತ್ತು. ನಮ್ಮ ಗಲ್ಲಿಯ ಹೋಟೆಲಿನವರು ಕುಂದಾಪುರದವರು, ಅವರಿಗೆ ಹೇಳಿದೆ. ನಾನು ಕಾಫಿ ಮುಗಿಸುವಷ್ಟರಲ್ಲಿ ಮೂರು ಕಡೆ ಫೋನು ಮಾಡಿ ಹೋಟೆಲಿನ ಗುರುತು ಹೇಳಿಬಿಟ್ಟರು.

ಆದರೆ ಮಾವಶಿ ಹೊರಡಲು ಹಿಂದೆಮುಂದೆ ನೋಡಿದಳು. ಅವಳು ಕಾಂಗೋದಿಂದ ಬಂದ ಮೇಲೆ ನೇರ ಉತ್ತರದ ಗಡಿಗೆ ಬದ್ಲಿ ಆಯಿತು. ಆ ಹೊತ್ತಿಗೆ ಗೆಳತಿ ಕೆಲಸ ಬಿಟ್ಟಾಗಿತ್ತು. ಒಂದೆರಡು ಸಲ ಫೋನು, ಆಮೇಲೆ ಅದೂ ಇಲ್ಲ.

"ಈಗ ಹೋಗಿ, ನಿನ್ನ ಹೆಸರು ತಗಿ, ನನ್ನ ಹೆಸರು ಹಾಕು ಅಂದ್ರ ಹೆಂಗ ಕಾಣಸ್ತದ? ಇಷ್ಟು ವರ್ಷ ಹೆಂಗದೀ ಅಂತ ಕೇಳಲಿಲ್ಲ, ಈಗ ಪದಕಕ್ಕ ಬಂದಾಳ ಅನ್ನೂದಿಲ್ಲೇನು?"

"ಅಂದ್ರ ಅನ್ಲಿ," ಎಂದು ನಾನು ಅವಳನ್ನು ಲೋಕಲ್ ರೈಲು ಹತ್ತಿಸಿದೆ.

ಲೋಣಾವಳಾದಲ್ಲಿ ಇಳಿದರೆ ಎದುರಿನ ಮನುಷ್ಯ ಕಾಣದಂಥ ಮಳೆ. ಚಿಕ್ಕಿ ಅಂಗಡಿಗಳ ಮಾಡಿನ ಕೆಳಗೇ ನಡೆಯುತ್ತ ಹೋಗಿ ಹೋಟೆಲು ಮುಟ್ಟಿದೆವು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವರು ಗೆಳತಿಯ ಗಂಡ. ಯಾರು, ಏನು ಎಂದು ನಾನು ಹೇಳಿದೆ. ಅವರು ಒಳಗೆ ಕರೆಸಿ ಕೂರಿಸಿದರು. ಆದರೆ ಬಂದ ಕಾರಣ ಕೇಳಿ ಅವರ ಮುಖ ಗಂಭೀರವಾಯಿತು.

"ನೋಡಿ, ಬೇಜಾರು ಮಾಡ್ಕೊಳ್ಬೇಡಿ. ಇಷ್ಟು ವರ್ಷ ಆದ ಮೇಲೆ ನಾನು ಹೋಗಿಯೇ ಇಲ್ಲ ಅಂತ ಬರೆದು ಕೊಟ್ರೆ, ಮತ್ತೆ ಇಷ್ಟು ದಿನ ಎಂತಕ್ಕೆ ಸುಮ್ಮನಿದ್ದದ್ದು ಅಂತ ಕೇಳುದಿಲ್ವಾ ಅವರು? ಕೇಸು ಗೀಸು ಅಂತ ಆದ್ರೆ? ನಮ್ಗೆ ಇಲ್ಲಿ ವ್ಯಾಪಾರ ಉಂಟು."

ಮಾವಶಿ ತಕ್ಷಣ ಎದ್ದಳು. "ಖರೆ ಅದ ನಿಮ್ಮ ಮಾತು. ಆಕೀನ್ನ ಒಮ್ಮೆ ನೋಡಿ ಹೋಗ್ತೀವ್ರಿ, ಅಷ್ಟs," ಎಂದಳು.

ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಸೆರಗಿಗೆ ಕೈ ಒರೆಸುತ್ತ ಒಬ್ಬ ಹೆಂಗಸು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. "ಅಕ್ಕಾ!" ಎಂದವರು ಓಡಿ ಬಂದು ಮಾವಶಿಯ ಎರಡೂ ಕೈ ಹಿಡಿದರು. "ಎಷ್ಟು ವರ್ಷ ಮಾರಾಯ್ತಿ! ಒದ್ದೆ ಆಗಿದ್ದೀರಲ್ಲ, ತಲೆ ಒರೆಸಿ ಮೊದಲು!"

"ನಿನ್ನ ಕೂದಲಾ ಎಲ್ಲಾ ಬೆಳ್ಳಗಾಗ್ಯಾವಲ್ಲs!"

"ನಿಮ್ಮದೇನು ಕಪ್ಪುಂಟಾ?"

ಇಬ್ಬರೂ ನಗುತ್ತ ಅಳುತ್ತ ನಿಂತರು. ಟವೆಲು ಬಂತು, ಬಿಸಿ ಕಾಫಿ ಬಂತು. ಬಂದ ಕಾರಣದ ಬಗ್ಗೆ ಮಾವಶಿ ಬಾಯಿ ಬಿಡಲೇ ಇಲ್ಲ. ಕೊನೆಗೆ ಹೇಳಿದವರು ಆ ಗಂಡನೇ. ಪ್ರಾಮಾಣಿಕ ಮನುಷ್ಯ, ತಮ್ಮ ಅನುಮಾನವನ್ನೂ ಸೇರಿಸಿಯೇ ಹೇಳಿದರು.

ಗೆಳತಿ ತಟ್ಟನೆ ಎದ್ದು ಒಳಗೆ ಹೋದರು. ತಪ್ಪಾಯಿತು, ಬರಬಾರದಿತ್ತು ಎಂದು ನನಗೆ ಅನ್ನಿಸಿತು. ಅವರು ತಿರುಗಿ ಬಂದಾಗ ಕೈಯಲ್ಲಿ ಕೆಂಪು ಬಟ್ಟೆಯ ಒಂದು ಸಣ್ಣ ಗಂಟಿತ್ತು. ಬಿಚ್ಚಿದರು. ಒಳಗೊಂದು ಪದಕ.

"ವಿದೇಶ ಸೇವಾ ಪದಕ, ನಮ್ಮ ಸರ್ಕಾರ ಕೊಡುದು. ಇವಳು ಹುಟ್ಟಿ ವರ್ಷ ಆದ ಮೇಲೆ ಅಂಚೆಯಲ್ಲಿ ಬಂತು ಅಕ್ಕ," ಎಂದರು. ಇವಳು ಎಂದದ್ದು ಆಗಷ್ಟೇ ಕಾಲೇಜಿನಿಂದ ಬಂದು ನಮ್ಮೆದುರು ನಿಂತಿದ್ದ ಮಗಳನ್ನು. "ಅಂಚಿನಲ್ಲಿ ನನ್ನ ಹೆಸರು ಕೊರೆದದ್ದುಂಟು. ನಂದಲ್ಲ ಅಂತ ಆಗಲೇ ಬರೆದು ಹಾಕಿದ್ದೆ. ಉತ್ತರ ಬರ್ಲಿಲ್ಲ. ನಿಮ್ಗೆ ಕಳಿಸುವಾ ಅಂದ್ರೆ ನೀವು ಎಲ್ಲಿದ್ದೀರಂತ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಇಡ್ಲಿಕ್ಕೆ ಮನಸ್ಸು ಬರ್ಲಿಲ್ಲ, ಬಿಸಾಡ್ಲಿಕ್ಕೂ ಆಗ್ಲಿಲ್ಲ. ದೇವರ ಹತ್ರ ಇಟ್ಟಿದ್ದೆ. ದೀಪ ಹಚ್ಚುವಾಗೆಲ್ಲ ನಿಮ್ಮ ನೆನಪಾಗ್ತಿತ್ತು."

ಮಾವಶಿ ಪದಕವನ್ನು ಮುಟ್ಟಲಿಲ್ಲ. ಮಗಳನ್ನೇ ನೋಡುತ್ತಿದ್ದಳು. "ಇಕೀನs ಏನು?" ಎಂದಳು.

"ಇವಳೇ. ನೀವು ಹೋದದ್ದು ಇವಳಿಗೋಸ್ಕರ ಅಲ್ವಾ."

ಮಾವಶಿ ಆ ಹುಡುಗಿಯನ್ನು ಹತ್ತಿರ ಕರೆದು ಗಲ್ಲ ಹಿಡಿದಳು. ಆಮೇಲೆ, ಯಾರ ಮನೆಯಲ್ಲಿದ್ದೇನೆ ಎಂಬುದನ್ನೂ ಮರೆತವಳಂತೆ, "ಕಣ್ಣಿನ ಕೆಳರೆಪ್ಪಿ ಬಿಳಿಚ್ಯಾವು, ರಕ್ತ ಕಡಿಮಿ ಅದ. ಸೊಪ್ಪು ತಿನಸು ಇಕಿಗೆ," ಎಂದು ತಾಯಿಗೆ ಗದರಿದಳು.

ಗಂಡ ಮೆಲ್ಲಗೆ ಹೆಂಡತಿಯನ್ನು ಕೇಳಿದರು, "ಹಾಗಾದ್ರೆ ಬರೆದು ಕೊಡುದಾ?"

"ಬರೆದು ಕೊಡುದಲ್ಲ, ನಾನೇ ಬರ್ತೇನೆ," ಎಂದರು ಗೆಳತಿ. "ಕೇಸು ಮಾಡುದಾದ್ರೆ ಮಾಡ್ಲಿ. ಇವರು ನನ್ನ ಬದ್ಲಿಗೆ ಅಷ್ಟು ದೂರ ಹೋದವರು, ನಾನು ಪುಣೆಗೆ ಬರ್ಲಿಕ್ಕಾಗುದಿಲ್ವಾ?"

ಅವರು ಬಂದರು. ಗಂಡನೂ ಜೊತೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಯಾರಾದರೂ ಏನಾದರೂ ಅಂದರೆ ಉತ್ತರ ಕೊಡಲು ತಯಾರಾಗಿ. ಯಾರೂ ಏನೂ ಅನ್ನಲಿಲ್ಲ. ಸುಬೇದಾರರು ಇಬ್ಬರು ಮಾಜಿ ಅಧಿಕಾರಿಗಳಿಗೂ ಎದ್ದು ನಿಂತು, ಡಾಕ್ಟರರ ಪತ್ರವನ್ನೂ ಗೆಳತಿಯ ಹೇಳಿಕೆಯನ್ನೂ ಪದಕವನ್ನೂ ಒಪ್ಪಿಸಿಕೊಂಡರು. "ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಪದಕ ಬೇಕು ಎಂದು ಬಂದವರೇ ಎಲ್ಲ. ತಿರುಗಿ ಕೊಡಲು ಬಂದವರನ್ನು ಇವತ್ತೇ ನೋಡಿದ್ದು," ಎಂದರು. ಗೆಳತಿಯ ಗಂಡನಿಗೆ ಅದು ಎಷ್ಟು ಹಿಡಿಸಿತೆಂದರೆ ಹೊರಗೆ ಬಂದು ಅದನ್ನು ನಮಗೆ ಇನ್ನೊಮ್ಮೆ ಹೇಳಿದರು.

ಆಮೇಲೂ ತಡವಾಯಿತು. ಕಡತ ದಿಲ್ಲಿಗೆ ಹೋಯಿತು, ಏನೋ ಕೇಳಿಕೊಂಡು ತಿರುಗಿ ಬಂತು, ಮತ್ತೆ ಹೋಯಿತು. ನಡುವೆ ಮಾವಶಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಯ ನರ್ಸುಗಳನ್ನೆಲ್ಲ ತರಬೇತಿ ಮಾಡಿಯೇ ಮನೆಗೆ ಬಂದಳು. ಅವಳು ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದ ದಿನಗಳಲ್ಲಿ ಉತ್ತರ ಬಂತು. ಸೇವಾ ದಾಖಲೆ ತಿದ್ದಲಾಗಿದೆ, ಕಾಂಗೋದ ಸೇವೆಯನ್ನೂ ಅಲ್ಲಿ ಕೊಟ್ಟ ಪದಕವನ್ನೂ ಸೇರಿಸಲಾಗಿದೆ, ವಿದೇಶ ಸೇವಾ ಪದಕವನ್ನು ಅವಳ ಹೆಸರಿನಲ್ಲಿ ಹೊಸದಾಗಿ ಕಳಿಸಲಾಗುವುದು ಎಂದು.

ಮಾವಶಿ ಕನ್ನಡಕ ಹಾಕಿಕೊಂಡು ತಾನೇ ಓದಿದಳು. ಮಡಿಚಿ ಮೇಜಿನ ಮೇಲಿಟ್ಟಳು. ಆಮೇಲೆ ಫೋನು ತೆಗೆದುಕೊಂಡು ಬೀದರ ಕಡೆಯ ಆ ಸಿಪಾಯಿಯ ಮನೆಗೆ ಹಚ್ಚಿದಳು. ಆ ನಂಟನ್ನು ಅವಳು ಬಿಟ್ಟಿರಲಿಲ್ಲ. ತಾಯಿ ತೀರಿಕೊಂಡು ಆಗಲೇ ಕೆಲವು ವರ್ಷ ಆಗಿದ್ದವು. ಫೋನಿನಲ್ಲಿ ಸಿಕ್ಕವನು ಆ ಸಿಪಾಯಿಯ ತಮ್ಮ. ಅವನಿಗೆ ಇವಳು ಕಾಗದದ ವಿಷಯ ಏನೂ ಹೇಳಲಿಲ್ಲ. ಮಳೆ ಹೇಗಿದೆ, ಮಕ್ಕಳು ಏನು ಓದುತ್ತಾರೆ ಎಂದೆಲ್ಲ ಕೇಳಿ ಇಟ್ಟಳು. ಆ ಮಧ್ಯಾಹ್ನ ಬಹಳ ಹೊತ್ತು ಮಲಗಿದಳು. ಹಗಲು ಮಲಗುವುದು ರೋಗಿಗಳ ಕೆಲಸ ಎನ್ನುತ್ತಿದ್ದವಳು.

ಗೆಳತಿ ಈಗ ಆಗಾಗ ಬರುತ್ತಾರೆ. ಬಂದರೆ ಒಂದೆರಡು ದಿನ ಇರುತ್ತಾರೆ. ಅಡುಗೆಮನೆಯಲ್ಲಿ ಇಬ್ಬರದೂ ಜಗಳ. ಗೆಳತಿಗೆ ಎಲ್ಲಕ್ಕೂ ತೆಂಗಿನಕಾಯಿ ಬೇಕು, ಮಾವಶಿಗೆ ಎಲ್ಲಕ್ಕೂ ಶೇಂಗಾಪುಡಿ ಬೇಕು. ಮೊನ್ನೆ ಬಂದಾಗ, ಊಟ ಮುಗಿದು, ನಾನು ಪಾತ್ರೆ ಎತ್ತಿಡುತ್ತಿದ್ದೆ. ಗೆಳತಿ ಅಡಿಕೆ ಕತ್ತರಿಸುತ್ತ ಇದ್ದಕ್ಕಿದ್ದಂತೆ ಕೇಳಿದರು:

"ಅಕ್ಕ, ಅಲ್ಲಿ ಹೇಗಿತ್ತು? ನಾನು ಹೋಗ್ಬೇಕಿದ್ದ ಜಾಗ. ಚುಚ್ಚುಮದ್ದು ಎಲ್ಲ ಚುಚ್ಚಿಸಿಕೊಂಡು, ನಕಾಶೆ ನೋಡಿ ಇಟ್ಟುಕೊಂಡಿದ್ದೆ. ಒಮ್ಮೆ ಸರಿಯಾಗಿ ಹೇಳಿ ನಂಗೆ."

ಮಾವಶಿ ನಮಗೆ ಕೊಡುತ್ತಿದ್ದ ಆ ಕರಿಯ ಕಲ್ಲಿನ ಉತ್ತರವನ್ನೇ ಕೊಡುತ್ತಾಳೆ ಎಂದುಕೊಂಡೆ. ಅವಳು ನೆಟ್ಟಗೆ ಕೂತಳು. ಕಾಲು ಚಾಚಿಕೊಂಡಳು.

"ವಿಮಾನದ ಬಾಗಲಾ ತಗದ ಕೂಡ್ಲೆ ಮೊದಲ ಏನು ಬಂತು ಗೊತ್ತೇನ? ವಾಸನಿ," ಎಂದಳು. "ಮಳಿ ಬಿದ್ದ ಮ್ಯಾಲೆ ಇದ್ದಲಿ ಒಲಿ ಹಚ್ಚಿದ್ರ ಬರ್ತದಲ್ಲ, ಹಂಥಾದ್ದು. ಕೆಳಗ ಇಳದು ನೋಡ್ತೀನಿ, ಒಂದು ದೊಡ್ಡ ಕೆರಿ, ಸಮುದ್ರ ಅನ್ಬೇಕು ಹಂಗ ಅದ. ಅದರ ದಂಡಿ ಮ್ಯಾಲೆ ಹೆಣಮಕ್ಕಳು, ಏನ್ ಬಣ್ಣಾ ಅವರ ಬಟ್ಟಿ..."

ನಾನು ಪಾತ್ರೆಗಳನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು, ಅವರ ಹತ್ತಿರ ಹೋಗಿ ಕೂತೆ.